ಮುಂಬಯಿಯ ವಾಟ್ಸನ್ ಹೋಟೆಲು

ಕನ್ನಡದಲ್ಲಿ ಹೋಟೆಲು ಎಂದೊಡನೆ ಊಟ ಉಪಾಹಾರಗಳ ಮನೆಯೇ ಕಣ್ಣಮುಂದೆ ನಿಲ್ಲುತ್ತದೆ. ಮುಂಬಯಿಯ ಕನ್ನಡಿಗರಿಗಂತೂ ಆ ಅರ್ಥವೇ ಹೆಚ್ಚು ಪರಿಚಿತವಾದುದು. ಪ್ರವಾಸಿಗಳು ತಂಗುವ ಭವ್ಯ ವಸತಿಗೃಹವೆಂಬ ಅರ್ಥದಲ್ಲಿ ಆ ಶಬ್ದಕ್ಕೆ ಈ ನಗರದಲ್ಲಿ ಪ್ರತಿಷ್ಠೆ ತಂದ ಕಟ್ಟಡಗಳಲ್ಲಿ, ಕೋಟೆ ವಿಭಾಗದ ಕಾಲಾ ಘೋಡಾದ ಬಳಿಯಿರುವ ವಾಟ್ಸನ್ ಹೋಟೆಲು ಮುಖ್ಯವಾದುದು. ಇಂದು ಅದು ಎಸ್‌ಪ್ಲನೇಡ್ ಮ್ಯಾನ್‌ಷನ್ ಎನಿಸಿಕೊಂಡಿದೆ. ಕೋರ್ಟು ಕಚೇರಿಗಳಿಗೆ ಹೋಗುವವರು ದಿನವೂ ಅದರ ಪಕ್ಕದಲ್ಲಿ ನಡೆದರೂ, ಹೆಚ್ಚಿನವರಿಗೆ ಅದರ ವಿಷಯವಾಗಿ ಒಂದು ದಂತಕಥೆಯ ಹೊರತು ಬೇರೇನೂ ತಿಳಿಯದು. ಆ ದಂತಕಥೆಗಿಂತ ಕಟ್ಟಡದ ನಿಜವಾದ ಚರಿತ್ರೆಯೇ ದೊಡ್ಡದು.

ಈ ಹೋಟೆಲಿನ ಮೂಲವನ್ನು ಹತ್ತಿಯ ವ್ಯಾಪಾರದಲ್ಲಿ ಹುಡುಕಬೇಕು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಅಲ್ಲಿಯ ಹತ್ತಿ ಲ್ಯಾಂಕಷೈರಿನ ಗಿರಣಿಗಳಿಗೆ ಬರುವುದು ನಿಂತಿತು. ಆ ಕೊರತೆಯನ್ನು ತುಂಬಿದ ಮುಂಬಯಿಗೆ ಹಣದ ಹೊಳೆಯೇ ಹರಿದುಬಂದಿತು. 1862ರಲ್ಲಿ ಗವರ್ನರಾಗಿ ಬಂದ ಸರ್ ಬಾರ್ಟಲ್ ಫ್ರಿಯರ್ ಇಕ್ಕಟ್ಟಾದ ಕೋಟೆಯ ಗೋಡೆಗಳನ್ನು ಕೆಡವಿಸಲು, ಅದರ ಸುತ್ತಲಿನ ಎಸ್‌ಪ್ಲನೇಡ್ ಬಯಲಿನಲ್ಲಿ ಹೊಸ ನಿವೇಶನಗಳು ದೊರೆತವು. ಅದೇ ಕಾಲಕ್ಕೆ ಷೇರುಪೇಟೆಯಲ್ಲಿ ಹುಚ್ಚು ಹಿಡಿದಂತಾಗಿತ್ತು. ಯುದ್ಧ ಮುಗಿದೊಡನೆ ಹತ್ತಿಯ ಬೆಲೆ ಕುಸಿದು, 1865ರ ಜುಲೈ 1ರಂದು ವಾಯಿದೆಯ ವ್ಯವಹಾರಗಳೆಲ್ಲ ಮುರಿದುಬಿದ್ದವು. ಆ ಪೆಟ್ಟಿನಿಂದ ಹಳೆಯ ಬ್ಯಾಂಕ್ ಆಫ್ ಬಾಂಬೆ ಕೂಡ ಉಳಿಯಲಾರದೆ, 1868ರಲ್ಲಿ ಅದೇ ಹೆಸರಿನ ಹೊಸ ಬ್ಯಾಂಕನ್ನು ಸ್ಥಾಪಿಸಬೇಕಾಯಿತು. ವಾಟ್ಸನ್ ಹೋಟೆಲಿನ ಕಟ್ಟಡ ಮೇಲೆದ್ದುದು 1867ರಿಂದ 1869ರವರೆಗೆ, ಅಂದರೆ ಈ ದಿವಾಳಿಯ ನೆರಳಿನಲ್ಲಿಯೇ.

ಇದನ್ನು ಕಟ್ಟಿಸಿದ ಜಾನ್ ವಾಟ್ಸನ್ ಜವಳಿಯ ವರ್ತಕ. ನಕ್ಷೆ ಬರೆದವನು ರೋಲಂಡ್ ಮೇಸನ್ ಆರ್ಡಿಷ್ ಎಂಬ ಇಂಜಿನಿಯರು. ಈತನು 1851ರ ಪ್ರದರ್ಶನಕ್ಕಾಗಿ ಲಂಡನ್ನಿನಲ್ಲಿ ಕಟ್ಟಿದ ಗಾಜಿನ ಅರಮನೆಯ ಕೆಲಸದಲ್ಲಿ ಪಾಲುಗೊಂಡವನು. ಮುಂದೆ ಸೇಂಟ್ ಪ್ಯಾಂಕ್ರಸ್ ರೈಲು ನಿಲ್ದಾಣದ ಮಹಾ ಮೇಲ್ಛಾವಣಿಯಲ್ಲಿಯೂ ಇವನ ಕೈವಾಡವಿತ್ತು. ಕಂಬ ತೊಲೆಗಳನ್ನು ಡಾರ್ಬಿ ಪಟ್ಟಣದ ಎರಕದ ಕಾರ್ಖಾನೆಯಲ್ಲಿ ಸಿದ್ಧಪಡಿಸಿ, ಬಿಡಿಬಿಡಿಯಾಗಿ ಹಡಗಿನಲ್ಲಿ ತಂದು ಇಲ್ಲಿ ಜೋಡಿಸಲಾಯಿತು. ಕಟ್ಟಡದ ಭಾರವನ್ನೆಲ್ಲ ಹೊರುವುದು ಕಬ್ಬಿಣದ ಈ ಚೌಕಟ್ಟು. ಇಟ್ಟಿಗೆಯ ಗೋಡೆ ಕೇವಲ ಮರೆ. ಇಂದಿನ ಉಕ್ಕಿನ ಗಗನಚುಂಬಿಗಳ ಮೂಲತತ್ತ್ವವೂ ಇದೇ ಆಗಿದೆ. ಅದಕ್ಕೇ ಭಾರತದಲ್ಲಿ ಉಳಿದಿರುವ ಎರಕದ ಕಬ್ಬಿಣದ ಅತ್ಯಂತ ಹಳೆಯ ಕಟ್ಟಡವೆಂದು ಇದನ್ನು ತಜ್ಞರು ಮನ್ನಿಸುತ್ತಾರೆ.

1871ರಲ್ಲಿ ತೆರೆದ ಹೋಟೆಲಿನಲ್ಲಿ ಸುಮಾರು 130 ಕೋಣೆಗಳು, ಉದ್ದನೆಯ ಮೊಗಸಾಲೆಗಳು, ನಡುವೆ ಗಾಜಿನ ಮಾಡಿನ ಅಂಗಳ ಇದ್ದವು. 1896ರ ಜನವರಿಯಲ್ಲಿ ಇಲ್ಲಿ ತಂಗಿದ್ದ ಅಮೆರಿಕದ ಲೇಖಕ ಮಾರ್ಕ್ ಟ್ವೇನನು ತನ್ನ ಪ್ರವಾಸಗ್ರಂಥದಲ್ಲಿ ಭಾರತದ ಕಾಗೆಗಳ ಧಾರ್ಷ್ಟ್ಯವನ್ನು ವಿನೋದವಾಗಿ ವರ್ಣಿಸಿದ್ದಾನೆ.

ಅದೇ ವರ್ಷದ ಜುಲೈ 7ರಂದು ಲ್ಯೂಮಿಯೇರ್ ಸಹೋದರರ ಪ್ರತಿನಿಧಿ ಮಾರಿಯಸ್ ಸೆಸ್ಟಿಯೇ ಎಂಬವನು ಇಲ್ಲಿ ಆರು ಕಿರುಚಿತ್ರಗಳನ್ನು ತೋರಿಸಿದನು. ಭಾರತದಲ್ಲಿ ಚಲಚ್ಚಿತ್ರದ ಮೊದಲ ಸಾರ್ವಜನಿಕ ಪ್ರದರ್ಶನವೆಂದು ಪ್ರಸಿದ್ಧವಾದುದು ಇದೇ. ಪ್ಯಾರಿಸ್ಸಿನಲ್ಲಿ ಈ ಸೋಜಿಗ ಜನರ ಮುಂದೆ ಬಂದು ಆಗಿನ್ನೂ ಏಳು ತಿಂಗಳೂ ತುಂಬಿರಲಿಲ್ಲ. ಪ್ರವೇಶದ ದರ ಒಂದು ರೂಪಾಯಿ. ಅಂದಿನ ಕೂಲಿಕಾರನಿಗೆ ಅದು ಅನೇಕ ದಿನಗಳ ದುಡಿಮೆ. ಒಂದೇ ವಾರದಲ್ಲಿ ಪ್ರದರ್ಶನವು ನಾವೆಲ್ಟಿ ನಾಟಕಗೃಹಕ್ಕೆ ಸಾಗಿತು. ಅಲ್ಲಿ ನಾಲ್ಕಾಣೆಯ ಆಸನಗಳೂ ದೊರೆತವು. ಚಲಚ್ಚಿತ್ರವು ಹೋಟೆಲಿನ ಹೊಸ್ತಿಲನ್ನು ದಾಟಿದ ಮೇಲೆಯೇ ಸಾಮಾನ್ಯ ಜನರ ಸೊತ್ತಾಯಿತೆಂಬುದನ್ನು ಇಲ್ಲಿ ಗಮನಿಸಬೇಕು.

ಇನ್ನು ದಂತಕಥೆಯ ವಿಚಾರ. ಜಮ್‌ಶೆಟ್‌ಜಿ ಟಾಟಾ ಅವರಿಗೆ, ಅವರು ಭಾರತೀಯರೆಂಬ ಕಾರಣಕ್ಕೆ, ವಾಟ್ಸನ್ ಹೋಟೆಲು ಪ್ರವೇಶ ನಿರಾಕರಿಸಿತೆಂದೂ ಆ ಅವಮಾನದಿಂದಲೇ ತಾಜಮಹಲ್ ಹೋಟೆಲು ಹುಟ್ಟಿತೆಂದೂ ಹೇಳುವುದುಂಟು. ಈ ಘಟನೆ ನಡೆಯಿತೆಂಬುದನ್ನು ಇತಿಹಾಸಕಾರರು ಸಂಶಯಿಸಿದ್ದಾರೆ. ಆ ಕಾಲದ ವರ್ಣಭೇದ ಸುಳ್ಳಲ್ಲ. ಆದರೆ ಕಾಲದ ಸ್ವಭಾವವೇ ಒಂದು ಘಟನೆಗೆ ಸಾಕ್ಷಿಯಾಗಲಾರದು. 1896ರ ಪ್ಲೇಗಿನಿಂದ ಬಳಲಿದ ನಗರದ ಭವಿಷ್ಯದಲ್ಲಿ ವಿಶ್ವಾಸವಿಟ್ಟು ಟಾಟಾ ಅವರು ತೊಡಗಿಸಿದ ಬಂಡವಾಳವನ್ನು ಕೇವಲ ಕೋಪದ ಫಲವೆಂದರೆ ಅವರ ದೂರದೃಷ್ಟಿಯನ್ನೇ ಕಿರಿದುಗೊಳಿಸಿದಂತಾಗುತ್ತದೆ. 1903ರಲ್ಲಿ ತಾಜ್ ತೆರೆಯಿತು. ವಾಟ್ಸನ್ನಿನ ವೈಭವ ಕ್ರಮೇಣ ಮಾಸಿತು.

ಹೋಟೆಲು ಮುಚ್ಚಿದ ಮೇಲೆ ಕೋಣೆಗಳನ್ನು ಮತ್ತೆ ಮತ್ತೆ ವಿಭಾಗಿಸಿ ಬಾಡಿಗೆಗೆ ಕೊಡಲಾಯಿತು. ನ್ಯಾಯಾಲಯಗಳು ಸಮೀಪದಲ್ಲಿದ್ದುದರಿಂದ ವಕೀಲರ ಕಚೇರಿಗಳು ಬಂದವು. ಕೆಳಗೆ ಅಂಗಡಿಗಳು, ಮೇಲೆ ಸಂಸಾರಗಳು. 1947ರ ಬಾಡಿಗೆ ನಿಯಂತ್ರಣ ಶಾಸನವು ನಗರದ ಬಡ ಬಾಡಿಗೆದಾರನನ್ನು ಕಾಪಾಡಿತು. ಆದರೆ ದಶಕಗಳ ಹಿಂದಿನ ಬಾಡಿಗೆಯಿಂದ ಹಳೆಯ ಕಟ್ಟಡಗಳ ದುರಸ್ತಿಯ ವೆಚ್ಚ ಹುಟ್ಟುವಂತಿರಲಿಲ್ಲ. ಆದಾಯವಿಲ್ಲದ ಆಸ್ತಿಯನ್ನು ಒಡೆಯನು ನೋಡಿಕೊಳ್ಳನು. ತನ್ನದಲ್ಲದ ಮನೆಗೆ ಬಾಡಿಗೆದಾರನು ಹಣ ಸುರಿಯನು. ಈ ನಡುವೆ ಕಡಲ ಗಾಳಿ ತನ್ನ ಕೆಲಸವನ್ನು ಮಾಡುತ್ತಲೇ ಇತ್ತು. 2005ರಲ್ಲಿ ಮೊಗಸಾಲೆಯ ಒಂದು ಭಾಗ ಕುಸಿದು ಒಬ್ಬರು ಸತ್ತರು. ವಿಶ್ವ ಸ್ಮಾರಕ ನಿಧಿಯು ತನ್ನ 2006ರ ಪಟ್ಟಿಯಲ್ಲಿ ಇದನ್ನು ಅಪಾಯದಲ್ಲಿರುವ ನೂರು ತಾಣಗಳೊಡನೆ ಸೇರಿಸಿತು. 2019ರಲ್ಲಿ ಮುಂಬಯಿಯ ಐಐಟಿಯ ತಜ್ಞರು ಕೆಡವುವುದೇ ಲೇಸೆಂದರು. ಪರಂಪರೆಯ ರಕ್ಷಕರು ಅದನ್ನು ವಿರೋಧಿಸಿದರು. ಆ ವರ್ಷವೇ ಕಟ್ಟಡವನ್ನು ತೆರವು ಮಾಡಲಾಯಿತು.

ಒಂದು ಮಾತನ್ನು ಮರೆಯಲಾಗದು. ಬಿಡಿಭಾಗಗಳಾಗಿ ಬಂದು ಇಲ್ಲಿ ಜೋಡಣೆಗೊಂಡ ಕಟ್ಟಡವಿದು. ಸವೆದ ಭಾಗವನ್ನು ತೆಗೆದು ಬೇರೊಂದನ್ನು ಕೂಡಿಸುವ ಮಾರ್ಗವು ಅದರ ರಚನೆಯಲ್ಲಿಯೇ ಅಡಗಿದೆ. ಆ ಮಾರ್ಗಕ್ಕೆ ತಗಲುವ ವೆಚ್ಚ ಅಪಾರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದನ್ನು ಯಾರು ಹೊರಬೇಕೆಂಬ ಪ್ರಶ್ನೆಯನ್ನು ಒಡೆಯರೂ ಬಾಡಿಗೆದಾರರೂ ಸರಕಾರವೂ ಪರಸ್ಪರರ ಮೇಲೆ ಹಾಕುತ್ತ ಕುಳಿತರೆ, ಮುಂದಿನ ಪೀಳಿಗೆಗೆ ಉಳಿಯುವುದು ಸಂಶಯಾಸ್ಪದವಾದ ಆ ದಂತಕಥೆಯೊಂದೇ. ಅದರ ಸುಳ್ಳು ನಿಜಗಳನ್ನು ವಿಚಾರಿಸುವವರಿಗೆ ತೋರಿಸಲು ಕಬ್ಬಿಣದ ಒಂದು ಕಂಬವೂ ಇರಲಾರದು.