ಏಳು ಜನ ಉಪಾಧ್ಯಾಯರ ಒಕ್ಕಟ್ಟು

ಕನ್ನಡ ನಾಡಿನಲ್ಲಿ ಪಾಠಶಾಲೆಗೆ ಮಠವೆಂಬ ಹೆಸರು ಬಹು ಕಾಲ ನಡೆದು ಬಂದಿತ್ತು. ಗುಡಿಯ ಪೌಳಿಯಲ್ಲಿಯೋ ಊರ ಚಾವಡಿಯಲ್ಲಿಯೋ ಹತ್ತಿಪ್ಪತ್ತು ಹುಡುಗರನ್ನು ಕೂಡ್ರಿಸಿಕೊಂಡು, ಮರಳಿನ ಮೇಲೆ ಅಕ್ಷರ ತಿದ್ದಿಸಿ, ಮಗ್ಗಿಗಳನ್ನು ಬಾಯಿಪಾಠ ಮಾಡಿಸಿ, ಬುದ್ಧಿವಂತರಾದವರಿಗೆ ಜೈಮಿನಿ ಭಾರತವನ್ನು ಓದಿಸುತ್ತಿದ್ದ ಅಯ್ಯನವರ ಶಾಲೆಗೆ ಜನರು ಕೂಲಿಮಠವೆನ್ನುತ್ತಿದ್ದರು. ಈ ಹೆಸರಿನಲ್ಲಿ ಕೆಲವರಿಗೆ ಹೀನತೆ ತೋರಿದ್ದುಂಟು. ಆದರೆ ಕಾಯಕವನ್ನು ಕೈಲಾಸವೆಂದು ಎಣಿಸಿದ ಶರಣರ ನಾಡಿನಲ್ಲಿ ಕೂಲಿಯೆಂಬ ಮಾತಿಗೆ ನಾಚಬೇಕಾದ ಕಾರಣವಿಲ್ಲ. ಹೀನತೆ ಇದ್ದದ್ದು ಕೂಲಿಯಲ್ಲಲ್ಲ, ಅದು ಕೈಗೆ ಬರುತ್ತಿದ್ದ ಬಗೆಯಲ್ಲಿ. ಸುಗ್ಗಿ ಚೆನ್ನಾಗಿ ಆದರೆ ಜೋಳ ಬರುವದು. ಮಳೆ ಹೋದರೆ ಮಕ್ಕಳೂ ಬಾರರು, ಕಾಳೂ ಬಾರದು. ಅಯ್ಯನವರು ಮುಪ್ಪಿನವರಾದರೆ ಮಠ ಮುಚ್ಚುವದು. ಅವರ ಪರವಾಗಿ ನಾಲ್ಕು ಮಾತು ಆಡಲು ಇನ್ನೊಬ್ಬ ಅಯ್ಯನವರು ಹತ್ತು ಹರದಾರಿಯಲ್ಲಿ ಇರುತ್ತಿರಲಿಲ್ಲ. ವಿದ್ಯೆ ಕಲಿಸುವವನು ಒಬ್ಬಂಟಿಗನಾಗಿದ್ದನು. ಅವನ ಕಷ್ಟದ ಮೂಲವೆಲ್ಲ ಅದೇ.

1854ರ ವುಡ್ ಸಾಹೇಬರ ಶಿಕ್ಷಣ ಪತ್ರದ ತರುವಾಯ ಮುಂಬಯಿ ಇಲಾಖೆಯಲ್ಲಿ ಸರಕಾರಿ ಕನ್ನಡ ಶಾಲೆಗಳು ಹೆಚ್ಚುತ್ತ ಬಂದವು. ಧಾರವಾಡದ ಟ್ರೇನಿಂಗ ಕಾಲೇಜಿನಿಂದ ತರಬೇತಾದ ಮಾಸ್ತರರು ಹೊರಬಿದ್ದರು. ಡೆಪ್ಯುಟಿ ಚೆನ್ನಬಸಪ್ಪನವರು (1834-1881) ಈ ಮಾಸ್ತರರ ವರ್ಗವನ್ನು ಕಟ್ಟಿ ಬೆಳೆಯಿಸಿದ ಉಪಕಾರವನ್ನು ಉತ್ತರ ಕರ್ನಾಟಕವು ಮರೆಯುವಂತಿಲ್ಲ. ಮಾಸ್ತರರಿಗೆಂದೇ ಹೊರಟ ಪತ್ರಿಕೆಗೆ ಆ ಕಾಲದವರು 'ಮಠಪತ್ರಿಕೆ'ಯೆಂದು ಹೆಸರಿಟ್ಟರೆಂಬುದರಿಂದ ಶಾಲೆಗೂ ಮಠಕ್ಕೂ ಇದ್ದ ನಂಟು ಅಷ್ಟು ಬೇಗ ಹರಿಯಲಿಲ್ಲವೆಂದು ತಿಳಿಯುವದು. ಸರಕಾರಿ ಮಾಸ್ತರರಿಗೆ ತಿಂಗಳ ಪಗಾರ ನಿಶ್ಚಿತವಾಯಿತು. ಆದರೆ ಶಾಲೆಯು ಅವರದಾಗಲಿಲ್ಲ. ಯಾವ ಶಾಲೆ, ಯಾವ ಪಾಠ, ಎಷ್ಟು ದಿವಸವೆಂಬುದು ಮೇಲಿನವರ ಅಪ್ಪಣೆಯ ಮಾತು.

ಕೂಲಿಮಠದ ಅಯ್ಯನವರಿಗೆ ಶಾಲೆ ತಮ್ಮದು, ಕಾಳು ಅನಿಶ್ಚಿತ. ಸರಕಾರಿ ಮಾಸ್ತರರಿಗೆ ಕಾಳು ನಿಶ್ಚಿತ, ಶಾಲೆ ಪರರದು. ಇವೆರಡರ ನಡುವೆ ಮೂರನೆಯದೊಂದು ದಾರಿ ಪುಣೆಯಲ್ಲಿ ಕಂಡಿತು. 1880ರಲ್ಲಿ ಚಿಪಳೂಣಕರ, ಟಿಳಕ ಮೊದಲಾದವರು ನ್ಯೂ ಇಂಗ್ಲಿಷ್ ಸ್ಕೂಲನ್ನು ತೆಗೆದರು. ಆಗರಕರರು ಬೇಗನೆ ಅವರನ್ನು ಕೂಡಿಕೊಂಡರು. 1884ರಲ್ಲಿ ಡೆಕ್ಕನ್ ಎಜ್ಯುಕೇಶನ್ ಸೊಸಾಯಿಟಿಯೂ, ಮರುವರ್ಷ ಫರ್ಗ್ಯುಸನ್ ಕಾಲೇಜೂ ಹುಟ್ಟಿದವು. ಈ ಸೊಸಾಯಿಟಿಯ ಜೀವಾಳವೆಂದರೆ ಆಜೀವ ಸದಸ್ಯರ ಪದ್ಧತಿ. ಶಾಲೆಯಲ್ಲಿ ಪಾಠ ಹೇಳುವವರೇ ಶಾಲೆಯನ್ನು ನಡೆಯಿಸುವ ಸಂಘವಾಗಬೇಕು; ಇಷ್ಟು ವರ್ಷ ಬಿಟ್ಟು ಹೋಗೆನೆಂದು ಮಾತು ಕೊಡಬೇಕು; ಹೊರಗೆ ದೊರೆಯಬಹುದಾದ ಪಗಾರಕ್ಕಿಂತ ಕಡಿಮೆಯಾದುದನ್ನು ಒಪ್ಪಿಕೊಳ್ಳಬೇಕು. ಅದಕ್ಕೆ ಪ್ರತಿಯಾಗಿ ಸಂಘವು ಅವರ ಜೀವವಿಮೆಯ ಹಣ ಕಟ್ಟುವದು, ಮತ್ತು ಶಾಲೆಯ ಸಣ್ಣ ದೊಡ್ಡ ನಿರ್ಣಯಗಳೆಲ್ಲ ಅವರ ಮತದಿಂದಲೇ ಆಗುವವು. ಗೋಖಲೆಯವರು ತಿಂಗಳಿಗೆ 75 ರೂಪಾಯಿಗಳ ಮೇಲೆ 20 ವರ್ಷದ ಪಣ ತೊಟ್ಟು ಅದನ್ನು ಪೂರೈಸಿದ್ದು ಪ್ರಸಿದ್ಧವಾಗಿದೆ.

ಇಂಥ ವ್ರತಸ್ಥರ ಸಂಘದಲ್ಲಿಯೂ ಒಡಕು ತಪ್ಪಲಿಲ್ಲ. ಸದಸ್ಯರ ಪಗಾರವನ್ನು ಹೆಚ್ಚಿಸಬಹುದೇ, ಅವರು ಹೊರಗಿನ ಕೆಲಸ ಮಾಡಿ ಗಳಿಸಬಹುದೇ ಎಂಬ ವಾದ ಎದ್ದು, ಸರ್ವಸ್ವವನ್ನೂ ಶಾಲೆಗೇ ಮುಡಿಪಿಡಬೇಕೆಂದು ಹಟ ಹಿಡಿದ ಟಿಳಕರು 1890ರಲ್ಲಿ ಸೊಸಾಯಿಟಿಯನ್ನು ಬಿಟ್ಟು ಹೊರಬಿದ್ದರು. ಇದನ್ನು ಟಿಳಕ-ಆಗರಕರರ ಮನಸ್ತಾಪವೆಂದು ಮಾತ್ರ ಹೇಳುವ ರೂಢಿಯಿದೆ. ಅದು ಅಷ್ಟೇ ಅಲ್ಲ. ವಿದ್ಯಾಸಂಸ್ಥೆಯು ಉಪಾಧ್ಯಾಯನ ತ್ಯಾಗವನ್ನು ಎಷ್ಟರ ಮಟ್ಟಿಗೆ ಬೇಡಬಹುದು? ವ್ರತ ಹಿಡಿದವನು ಒಬ್ಬನು. ಹಸಿವೆಯಾಗುವದು ಅವನ ಹೆಂಡತಿ ಮಕ್ಕಳಿಗೂ. ಟಿಳಕರ ಪಕ್ಷವು ಉದಾತ್ತವಾದದ್ದು ನಿಜ. ಆದರೆ ಎದುರಿನವರು ಎತ್ತಿದ ಪ್ರಶ್ನೆಯೂ ಹಗುರಾದುದಲ್ಲ. ಉಪಾಧ್ಯಾಯರ ಸಂಘಗಳೆಲ್ಲ ಮುಂದೆ ಈ ಒಂದೇ ಗಂಟಿನ ಸುತ್ತಲೂ ತಿರುಗಿದವು.

ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆದದ್ದು 1917ರಲ್ಲಿ. ಅಲ್ಲಿಯವರೆಗೆ ಈ ಭಾಗದ ತರುಣರು ಉಚ್ಚ ಶಿಕ್ಷಣಕ್ಕೆ ಪುಣೆ ಮುಂಬಯಿಗಳ ಕಡೆಗೆ ಮುಖ ಮಾಡಬೇಕಾಗಿತ್ತು. ಹೀಗೆ ಹೋದವರು ಪದವಿಯೊಡನೆ ಪುಣೆಯ ಆ ಪದ್ಧತಿಯ ನೆನಪನ್ನೂ ಹೊತ್ತು ತಂದರು. ಸಮಾಜದಲ್ಲಿಯೂ ನೆಲ ಹದವಾಗಿತ್ತು. ಹಾನಗಲ್ಲ ಕುಮಾರ ಮಹಾಸ್ವಾಮಿಗಳ ಪ್ರೇರಣೆಯಿಂದ 1904ರಲ್ಲಿ ಧಾರವಾಡದಲ್ಲಿ ನೆರೆದ ಮಹಾಸಭೆಗೆ ಶಿರಸಂಗಿಯ ಲಿಂಗರಾಜರು ಅಧ್ಯಕ್ಷರಾಗಿದ್ದರು. 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ಅವರು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಬರೆದಿಟ್ಟರು. 1910ರಲ್ಲಿ ವಿಜಾಪುರದ ಜಿಲ್ಲಾ ಲಿಂಗಾಯತ ವಿದ್ಯಾಸಂಸ್ಥೆಯು ಕಾಲಿಟ್ಟಿತು; ಅದರ ಹಿಂದೆ ಇದ್ದವರು ವಕೀಲರಾದ ಹಳಕಟ್ಟಿಯವರು. ದಾನಿಗಳು ಇದ್ದರು, ವಕೀಲರು ಇದ್ದರು, ಸ್ವಾಮಿಗಳು ಇದ್ದರು. ಪಾಠ ಹೇಳುವವರು ತಾವೇ ಮುಂದಾದದ್ದು ಬೆಳಗಾಂವಿಯಲ್ಲಿ.

1916ನೆಯ ನವೆಂಬರ 13ರಂದು ಬಸವನಾಳ, ಸಾಖರೆ, ಹಂಚಿನಾಳ, ಮಮದಾಪುರ, ಕಟ್ಟೀಮನಿ, ಚಿಕ್ಕೋಡಿ, ಪಾಟೀಲರೆಂಬ ಏಳು ಜನರು ಕೂಡಿ ಬೆಳಗಾಂವಿಯಲ್ಲಿ ಒಂದು ಆಂಗ್ಲೋ-ವರ್ನಾಕ್ಯುಲರ ಶಾಲೆಯನ್ನು ತೆಗೆದರು. ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸಾಯಿಟಿಯ ಹುಟ್ಟು ಇದೇ. ಜನರು ಈ ಏಳ್ವರಿಗೆ ಸಪ್ತರ್ಷಿಗಳೆಂದು ಹೆಸರಿಟ್ಟರು. ಆ ಹೆಸರು ಭಕ್ತಿಯಿಂದ ಬಂದದ್ದೇ ಸರಿ. ಆದರೂ ಋಷಿಗಳೆಂದೊಡನೆ ಅವರಿಗೆ ಹೊಟ್ಟೆಯೂ ಮನೆಯೂ ಇದ್ದವೆಂಬುದು ಮರೆತು ಹೋಗುವ ಅಂಜಿಕೆಯುಂಟು. ಆ ದಿನಗಳಲ್ಲಿ ಪದವಿ ಪಡೆದವನಿಗೆ ಮಾಮಲೇದಾರಿಕೆಯ ಬಾಗಿಲು ತೆರೆದೇ ಇರುತ್ತಿತ್ತು. ಖಾಸಗಿ ಶಾಲೆಯ ಬದುಕು ಮೂರು ಕಡೆಯ ಹಣದ ಮೇಲೆ ನಿಂತದ್ದು: ಹುಡುಗರ ಫೀ, ಸರಕಾರದ ಗ್ರ್ಯಾಂಟು, ದಾನಿಗಳ ಕೊಡುಗೆ. ಬಡ ಒಕ್ಕಲಿಗರ ಮಕ್ಕಳಿಂದ ಫೀ ಬರುವದು ಕಷ್ಟ. ಗ್ರ್ಯಾಂಟು ವರ್ಷ ಮುಗಿದ ಮೇಲಿನ ಮಾತು. ದಾನವು ದಾನಿಯ ಮನಸ್ಸಿನದು. ಕಟ್ಟಡದ ಬಾಡಿಗೆ ನಿಲ್ಲದು, ಖಡುವಿನ ಖರ್ಚು ನಿಲ್ಲದು. ಕಡಿಮೆ ಬಿದ್ದದ್ದೆಲ್ಲ ಕೊನೆಗೆ ಯಾರ ಪಗಾರದಲ್ಲಿ ಕಡಿತವಾಗುವದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆಜೀವ ಸದಸ್ಯರ ಪದ್ಧತಿಯ ಮಹತ್ವವು ತಿಳಿಯುವದು ಇಲ್ಲಿಯೇ. ಒಬ್ಬ ಮಾಸ್ತರನ ಪಗಾರವನ್ನು ಒಬ್ಬ ಯಜಮಾನನು ತಡೆದರೆ ಅದು ಅನ್ಯಾಯ. ಏಳು ಜನ ಮಾಸ್ತರರು ಒಂದೆಡೆ ಕುಳಿತು ಲೆಕ್ಕವನ್ನು ಎದುರಿಗಿಟ್ಟುಕೊಂಡು ಇಷ್ಟರಲ್ಲಿಯೇ ಸಾಗಿಸೋಣವೆಂದು ಒಪ್ಪಿದರೆ ಅದು ದಾಸೋಹ. ಎರಡರಲ್ಲಿಯೂ ಕೈಗೆ ಬರುವ ರೂಪಾಯಿ ಅಷ್ಟೇ ಇರಬಹುದು. ಲೆಕ್ಕದ ಪುಸ್ತಕ ಯಾರ ಕೈಯಲ್ಲಿ ಇರುತ್ತದೆಂಬುದರಿಂದ ಒಂದು ದೈನ್ಯವಾಗುವದು, ಇನ್ನೊಂದು ಪ್ರಸಾದವಾಗುವದು. ಅರಟಾಳ ರುದ್ರಗೌಡರಂಥ ಹಿರಿಯರು ಈ ತರುಣರಿಗೆ ಬೆಂಬಲವಾಗಿ ನಿಂತರು. ಮೊದಲಿನ ಆ ಶಾಲೆಗೆ ಮುಂದೆ ಗಿಲಗಂಚಿ, ಅರಟಾಳ ಮನೆತನಗಳ ಹೆಸರು ಕೂಡಿತು. 1933ರಲ್ಲಿ ತೆರೆದ ಕಾಲೇಜಿಗೆ ಲಿಂಗರಾಜರ ಹೆಸರಾಯಿತು. ವಂಟಮುರಿಯ ರಾಜಾ ಲಖಮಗೌಡರ ಹೆಸರಿನಲ್ಲಿ ವಿಜ್ಞಾನ ಮಂದಿರ ಎದ್ದಿತು. ಗೋಡೆಗಳ ಮೇಲೆ ದಾನಿಗಳ ಹೆಸರು ಇರುವದು ಯೋಗ್ಯವೇ ಆಗಿದೆ.

ಈ ಏಳ್ವರಲ್ಲಿ ಇಬ್ಬರು ಪಾಠದ ಹೊರಗೆಯೂ ಸಮಾಜಕ್ಕೆ ಋಣ ಹೊರಿಸಿ ಹೋದರು. ಶ್ರೀ ಶಿ. ಶಿ. ಬಸವನಾಳರು ವಚನಗಳ ಸಂಶೋಧನೆಯಲ್ಲಿ ಆಯುಷ್ಯವನ್ನು ಸವೆಸಿ, ಕೆ. ಆರ್. ಶ್ರೀನಿವಾಸ ಅಯ್ಯಂಗಾರರೊಡನೆ ಬಸವಣ್ಣನವರ ವಚನಗಳನ್ನು ಇಂಗ್ಲಿಷಿಗೆ ತಂದು 1940ರಲ್ಲಿ ಪ್ರಕಟಿಸಿದರು. 1944ರಲ್ಲಿ ರಬಕವಿಯ ಸಾಹಿತ್ಯ ಸಮ್ಮೇಲನಕ್ಕೆ ಅಧ್ಯಕ್ಷರಾದರು. ಸಾಖರೆಯವರು ಲಿಂಗಾಯತ ಧರ್ಮದ ಇತಿಹಾಸ ಮತ್ತು ತತ್ತ್ವಗಳನ್ನು ಕುರಿತ ದೊಡ್ಡ ಗ್ರಂಥವನ್ನು 1942ರಲ್ಲಿ ಇಂಗ್ಲಿಷಿನಲ್ಲಿ ಹೊರಡಿಸಿದರು. ಹೊಟ್ಟೆಗಾಗಿ ಊರೂರು ಅಲೆಯುವ ಮಾಸ್ತರನಿಂದ ಇಂಥ ಕೆಲಸ ಆಗುವದು ದುಸ್ತರ. ಕಡಿಮೆ ಪಗಾರದ ಬದುಕಾದರೂ, ಯಾರೂ ತೆಗೆದುಹಾಕಲಾರರೆಂಬ ನೆಚ್ಚಿಕೆಯು ವಿದ್ವಾಂಸನಿಗೆ ಬೇಕಾಗುವದು.

ಮಠಗಳ ಪಾಲನ್ನು ಇಲ್ಲಿ ಬಿಡುವಂತಿಲ್ಲ. ಶಾಲೆ ತೆರೆದರೂ ಹಳ್ಳಿಯ ಹುಡುಗನು ಪೇಟೆಯಲ್ಲಿ ಎಲ್ಲಿ ಉಣ್ಣಬೇಕು, ಎಲ್ಲಿ ಮಲಗಬೇಕು? ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು, ಬೆಳಗಾಂವಿಯಲ್ಲಿ ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು ಪ್ರಸಾದ ನಿಲಯಗಳನ್ನು ನಡೆಯಿಸಿ ಆ ಕೊರತೆಯನ್ನು ತುಂಬಿದರು. ಭಕ್ತರ ಮನೆಯ ಜೋಳವು ಮಠಕ್ಕೆ ಬಂದು, ಮಠದ ರೊಟ್ಟಿಯು ಹುಡುಗನ ಹೊಟ್ಟೆಗೆ ಬಿದ್ದು, ಆ ಹುಡುಗನು ಹೊತ್ತಿಗೆ ಸರಿಯಾಗಿ ಆಜೀವ ಸದಸ್ಯರ ಪಾಠಕ್ಕೆ ಹೋಗಿ ಕುಳಿತನು. ಹಿಂದೆ ಕೂಲಿಮಠದ ಅಯ್ಯನವರಿಗೆ ನೇರವಾಗಿ ಸಲ್ಲುತ್ತಿದ್ದ ಕಾಳೇ ಈಗ ಬಳಸುದಾರಿಯಿಂದ ವಿದ್ಯೆಗೆ ಸಂದಿತು.

ಸಂಸ್ಥೆಯು ಬೆಳೆಯಿತು. 1947ರಲ್ಲಿ ಹುಬ್ಬಳ್ಳಿಯಲ್ಲಿ ಭೂಮರಡ್ಡಿ ಎಂಜಿನಿಯರಿಂಗ ಕಾಲೇಜು, 1963ರಲ್ಲಿ ಬೆಳಗಾಂವಿಯಲ್ಲಿ ವೈದ್ಯಕೀಯ ಕಾಲೇಜು ಹುಟ್ಟಿದವು. ಇದು ಒಂದೇ ಸಂಸ್ಥೆಯ ಮಾತಲ್ಲ. ನಾಡಿನ ಹಲವು ಮಠಗಳೂ ಸಂಘಗಳೂ ನೂರಾರು ಶಾಲೆಗಳನ್ನು ತೆಗೆದವು. ಬೆಳವಣಿಗೆಯ ಜೊತೆಗೇ ಹೊಸ ತೊಡಕೊಂದು ಬಂದಿತು. ಏಳು ಜನರಿದ್ದಾಗ ಎಲ್ಲರೂ ಒಂದೇ ಜಮಖಾನೆಯ ಮೇಲೆ ಕುಳಿತು ಲೆಕ್ಕ ನೋಡಬಹುದು. ಸಾವಿರ ಜನ ಉಪಾಧ್ಯಾಯರಾದಾಗ ಅದು ಸಾಧ್ಯವಾಗದು. ಸದಸ್ಯರಾಗಿದ್ದವರ ಶಾಲೆಗಳಲ್ಲಿ ನೌಕರರಾದ ಉಪಾಧ್ಯಾಯರ ದೊಡ್ಡ ಸಮೂಹ ಬೆಳೆಯಿತು. ತ್ಯಾಗವು ಮೊದಲಿನವರು ತಾವೇ ಆರಿಸಿಕೊಂಡದ್ದು. ಹಿಂದಿನಿಂದ ಬಂದವರಿಗೆ ಅದನ್ನು ಹೇರಲು ಬರುವದಿಲ್ಲ. ಆದುದರಿಂದ ಆಡಳಿತ ಮಂಡಳಿಯ ಹೊರಗೆ ಉಪಾಧ್ಯಾಯರು ತಮ್ಮವೇ ಸಂಘಗಳನ್ನು ಕಟ್ಟಿಕೊಂಡದ್ದರಲ್ಲಿ ಗುರುದ್ರೋಹವನ್ನು ಕಾಣುವದು ತಪ್ಪು. ಅವರು ಕೇಳಿದ್ದು ತಿಂಗಳ ಪಗಾರ ತಿಂಗಳಿಗೆ ಸಲ್ಲಲಿ, ವಿಚಾರಣೆಯಿಲ್ಲದೆ ಯಾರನ್ನೂ ತೆಗೆಯದಿರಲಿ, ಮುಪ್ಪಿನಲ್ಲಿ ಅನ್ನಕ್ಕೆ ಆಧಾರವಿರಲಿ ಎಂಬಷ್ಟನ್ನೇ. ಪುಣೆಯಲ್ಲಿ ಸಂಘವು ಕಟ್ಟುತ್ತಿದ್ದ ವಿಮೆಯ ಹಣದಲ್ಲಿಯೂ ಇದೇ ಚಿಂತೆ ಇದ್ದಿತು. 1954ರಲ್ಲಿ ಪ್ರಾಥಮಿಕ ಶಿಕ್ಷಕರ ಅಖಿಲ ಭಾರತ ಒಕ್ಕೂಟವು ಏರ್ಪಟ್ಟಿತು. ಖಾಸಗಿ ಶಿಕ್ಷಣ ಸಂಸ್ಥೆಗಳ ಶಿಸ್ತು ಮತ್ತು ನಿಯಂತ್ರಣವನ್ನು ಕುರಿತು ಕರ್ನಾಟಕವು 1975ರಲ್ಲಿ ಮಾಡಿದ ಶಾಸನವು, ಕೆಲಸದಿಂದ ತೆಗೆಯುವ ಮುನ್ನ ವಿಚಾರಣೆ ನಡೆಯಬೇಕೆಂದೂ, ಅನ್ಯಾಯವಾಯಿತೆನ್ನುವವನು ನ್ಯಾಯಮಂಡಳಿಗೆ ಮೊರೆ ಹೋಗಬಹುದೆಂದೂ ವಿಧಿಸಿತು.

1950ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನವು ರಾಜ್ಯಗಳ ವಿಧಾನ ಪರಿಷತ್ತುಗಳಲ್ಲಿ ಹನ್ನೆರಡನೆಯ ಒಂದು ಪಾಲನ್ನು ಉಪಾಧ್ಯಾಯರು ಆರಿಸಿ ಕಳಿಸಬೇಕೆಂದು ಗೊತ್ತು ಮಾಡಿತು. ಬೇರೆ ಯಾವ ಕಾಯಕದವರಿಗೂ ಈ ಮನ್ನಣೆ ದೊರೆತಿಲ್ಲ. ಕರ್ನಾಟಕದ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರಗಳಿಗೆ ಮೀಸಲಾಗಿವೆ. ಬೆಳಗಾಂವಿಯ ಏಳ್ವರ ಸಂಖ್ಯೆಯೂ ಅದೇ ಆದದ್ದು ಆಕಸ್ಮಿಕ. ಈ ಮತದ ಹಕ್ಕು ಮಾಧ್ಯಮಿಕ ಮತ್ತು ಅದಕ್ಕೆ ಮೇಲ್ಪಟ್ಟ ಶಾಲೆಗಳಲ್ಲಿ ಕಲಿಸುವವರಿಗೆ ಮಾತ್ರ ಸಲ್ಲುವದು. ಮಕ್ಕಳಿಗೆ ಮೊದಲ ಅಕ್ಷರ ತಿದ್ದಿಸುವ ಪ್ರಾಥಮಿಕ ಶಾಲೆಯ ಉಪಾಧ್ಯಾಯರು, ಕೂಲಿಮಠದ ಅಯ್ಯನವರ ನೇರ ವಾರಸುದಾರರು, ಆ ಕ್ಷೇತ್ರಗಳ ಮತದಾರರ ಯಾದಿಯಲ್ಲಿ ಇಲ್ಲ.