ನಡುವಣ ಹೆಸರಿನ ಅರ್ಥ ಮತ್ತು ಮೂಲ

ರೋಣ, ನರಗುಂದ, ಗಜೇಂದ್ರಗಡಗಳ ಪರಿಸರದಲ್ಲಿ ವ್ಯಕ್ತಿಯ ಪೂರ್ಣನಾಮವು ಮೂರು ಅಂಗಗಳಿಂದ ಕೂಡಿರುವುದು ರೂಢಿ. ಮೊದಲು ಸ್ವನಾಮ, ನಡುವೆ ತಂದೆಯ ಹೆಸರು, ಕಡೆಯಲ್ಲಿ ಮನೆತನದ ಅಡ್ಡಹೆಸರು. ವಿವಾಹಿತ ಸ್ತ್ರೀಯರಲ್ಲಿ ನಡುವಣ ಸ್ಥಾನವು ಸಾಮಾನ್ಯವಾಗಿ ಪತಿಯ ಹೆಸರಿಗೆ ಸಲ್ಲುತ್ತದೆ. ಈ ಪ್ರದೇಶವು 1956ರವರೆಗೆ ಮುಂಬಯಿ ಆಡಳಿತಕ್ಕೆ ಒಳಪಟ್ಟಿತ್ತು. ಮರಾಠಿ, ಗುಜರಾತಿ ನಾಡುಗಳಲ್ಲಿಯೂ ಇದೇ ಕ್ರಮವಿದೆ. ಹಳೆಯ ಮೈಸೂರು ಪ್ರಾಂತದಲ್ಲಿಯಾದರೋ ಊರು ಹಾಗೂ ತಂದೆಯ ಹೆಸರುಗಳ ಮೊದಲಕ್ಷರಗಳು ಸ್ವನಾಮಕ್ಕಿಂತ ಮೊದಲೇ ಬರುತ್ತವೆ.

1964ರಿಂದ 1966ರವರೆಗೆ ಭಾರತದ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಪ್ರಹ್ಲಾದ ಬಾಲಾಚಾರ್ಯ ಗಜೇಂದ್ರಗಡಕರರ ಹೆಸರು ಇದಕ್ಕೆ ಉತ್ತಮ ನಿದರ್ಶನ. ಬಾಲಾಚಾರ್ಯರು ಅವರ ತಂದೆ. ಗಜೇಂದ್ರಗಡವು ಪೂರ್ವಿಕರ ಸ್ಥಳ. ಅವರು ಹುಟ್ಟಿದ್ದು ಮಾತ್ರ 1901ರಲ್ಲಿ, ಸಾತಾರೆಯಲ್ಲಿ. ಅಡ್ಡಹೆಸರು ಹಲವು ತಲೆಗಳವರೆಗೆ ಸ್ಥಿರವಾಗಿ ನಿಲ್ಲುತ್ತದೆ. ನಡುವಣ ಹೆಸರು ತಲೆತಲೆಗೂ ಬದಲಾಗುತ್ತದೆ.

ಈ ಜೋಡಣೆಯು ಅರ್ವಾಚೀನವಾಗಿ ತೋರಿದರೂ ಅದರ ಹಿಂದಿನ ಭಾವನೆ ಪ್ರಾಚೀನವಾದುದು. ಗದಗದ ಸಮೀಪದ ಮುಳಗುಂದದ ಕ್ರಿ.ಶ. 902ರ ಶಾಸನವು ಜಿನಾಲಯವನ್ನು ಕಟ್ಟಿಸಿದ ಚೀಕಾರ್ಯನನ್ನು ಚಂದ್ರಾರ್ಯನ ಮಗನೆಂದು ಗುರುತಿಸುತ್ತದೆ. ಅದೇ ಶಾಸನವು ದತ್ತಿಯನ್ನು ಪಡೆದ ಕನಕಸೇನರನ್ನು ವೀರಸೇನರ ಶಿಷ್ಯರೆಂದೂ ವೀರಸೇನರನ್ನು ಕುಮಾರಸೇನರ ಶಿಷ್ಯರೆಂದೂ ಹೇಳುತ್ತದೆ. ರೋಣದ ನೆರೆಯ ನರೇಗಲ್ಲಿನಲ್ಲಿ 950ರ ಸುಮಾರಿಗೆ ಬಸದಿಯನ್ನು ನಿರ್ಮಿಸಿದ ಪದ್ಮಬ್ಬರಸಿಯು ಗಂಗ ಬೂತುಗನ ರಾಣಿಯೆಂದು ಪರಿಚಿತಳು. ಗೃಹಸ್ಥನಿಗೆ ತಂದೆ, ರಾಣಿಗೆ ಪತಿ, ಮುನಿಗೆ ಗುರು. ಹೀಗೆ ಗುರುತಿನ ಆಧಾರವು ಆಶ್ರಮಕ್ಕೆ ತಕ್ಕಂತೆ ಬೇರೆಯಾಗುತ್ತದೆ. ದೀಕ್ಷೆಯೊಡನೆ ಪಿತೃನಾಮದ ಸ್ಥಾನವನ್ನು ಗುರುನಾಮವು ಪಡೆಯುತ್ತದೆ. ಮುಳಗುಂದದಲ್ಲಿ 1112ರಲ್ಲಿ ‘ಧರ್ಮಾಮೃತ’ವನ್ನು ರಚಿಸಿದ ನಯಸೇನನು ನರೇಂದ್ರಸೇನರ ಶಿಷ್ಯನೆಂಬುದು ಸುವಿದಿತ. ಇಲ್ಲಿ ‘ಸೇನ’ ಎಂಬ ಅಂತ್ಯಪದವು ಮನೆತನವನ್ನಲ್ಲ, ಮುನಿಪರಂಪರೆಯನ್ನು ಸೂಚಿಸುತ್ತದೆ.

ಹಸ್ತಪ್ರತಿಗಳ ಸೂಚಿಯನ್ನು ಸಿದ್ಧಪಡಿಸುವವರಿಗೆ ಈ ಭೇದವು ಮುಖ್ಯವಾದುದು. ಪುಷ್ಪಿಕೆಯಲ್ಲಿ ಬರುವ ಎರಡನೆಯ ಹೆಸರನ್ನು ಮನೆತನದ್ದೆಂದು ಬಗೆದರೆ ತಂದೆ ಮಕ್ಕಳಿಬ್ಬರೂ ಬೇರೆ ಬೇರೆ ಮನೆತನದವರಾಗಿಬಿಡುತ್ತಾರೆ. ಗುರುವನ್ನು ತಂದೆಯೆಂದು ಬಗೆದರೆ ಮುನಿಪರಂಪರೆಯೇ ವಂಶಾವಳಿಯಾಗಿ ಮಾರ್ಪಡುತ್ತದೆ. ಒಂದೇ ಸ್ವನಾಮದ ಇಬ್ಬರು ಲಿಪಿಕಾರರನ್ನು ಬೇರ್ಪಡಿಸಲು ಎಷ್ಟೋ ವೇಳೆ ಆ ಎರಡನೆಯ ಹೆಸರೊಂದೇ ಆಧಾರ. ಆದುದರಿಂದ ‘ಸುತ’, ‘ಪುತ್ರ’, ‘ಶಿಷ್ಯ’ ಎಂಬ ಸಂಬಂಧಸೂಚಕ ಪದಗಳನ್ನು ಕೈಬಿಡದೆ, ಪ್ರತಿಯಲ್ಲಿರುವಂತೆಯೇ ಸೂಚಿಯಲ್ಲಿ ದಾಖಲಿಸುವುದು ಯುಕ್ತ.