ಮಂಜುಗಡ್ಡೆಗೊಂದು ಲಾಳ

ಮಳೆಗೆ ನೆನೆದ ಶಹಾಬಾದ ಕಲ್ಲಿನ ಮೇಲೆ ಕಾಲು ಜಾರುವುದು ಕುರಕುಂಟಾದ ಓದುಗರಿಗೆ ಗೊತ್ತು. ಮಂಜುಗಡ್ಡೆಯಾದರೋ ಮಳೆಯಿಲ್ಲದೆಯೂ ಜಾರುತ್ತದೆ. ಅದರ ಮೇಲ್ಮೈಯಲ್ಲಿ ನೀರಿನಂಥ ತೆಳುಪದರವಿದೆಯೆಂದು ಫ್ಯಾರಡೆ 1850ರಲ್ಲೇ ಸೂಚಿಸಿದ್ದರು. ಘರ್ಷಣೆ ಸಾಲದೆಡೆ ಮೊನೆ ಊರಬೇಕು. 1908ರಲ್ಲಿ ಇಂಜಿನಿಯರ್ ಆಸ್ಕರ್ ಎಕೆನ್‌ಸ್ಟೈನ್ ಪರ್ವತಾರೋಹಿಗಳಿಗಾಗಿ ಹತ್ತು ಮೊನೆಗಳ ಕ್ರ್ಯಾಂಪಾನ್ ರೂಪಿಸಿದರು. ಇಟಲಿಯ ಕಮ್ಮಾರ ಹೆನ್ರಿ ಗ್ರಿವೆಲ್ ಅದನ್ನು ತಯಾರಿಸಿದರು. ಬೀದಿಯಲ್ಲಿ ನಡೆಯಲು ಅದರ ಕಿರುರೂಪ ಸಾಕು.

ಎತ್ತಿನ ಲಾಳವನ್ನು ಗೊರಸಿಗೇ ಮೊಳೆ ಹೊಡೆದು ಕೂಡಿಸುತ್ತಾರೆ. ಬೂಟಿಗೆ ಹಾಗೆ ಮಾಡುವಂತಿಲ್ಲ. ರಬ್ಬರು ಪಟ್ಟಿಯ ಬಿಗಿತವೇ ಗತಿ, ಅದೂ ಚಳಿಗೆ ಬಿರುಸಾಗುತ್ತದೆ. ಆದ್ದರಿಂದ ಓದಲು ಕೆನಡಾಕ್ಕೆ ಹೊರಟ ಮಕ್ಕಳಿಗೆ ಹೇಳಿ: ಕೊಳ್ಳುವಾಗ ಪಾದದ ಅಳತೆ ನಂಬಬೇಡಿ, ದಪ್ಪ ಬೂಟನ್ನೇ ಒಯ್ದು ತೊಡಿಸಿ ನೋಡಿ. ಹಿಮ್ಮಡಿಯಲ್ಲಿ ಕಳಚಿತೋ, ಬಿದ್ದಂತೆಯೇ. ಮನೆಯೊಳಗೆ ಬಂದೊಡನೆ ಬಿಚ್ಚಲೇಬೇಕು. ಕಲ್ಲುಹಾಸನ್ನು ಉಕ್ಕಿನ ಮೊನೆ ಚುಚ್ಚಲಾರದು, ಅಲ್ಲಿ ಅದೇ ಜಾರಿಸುತ್ತದೆ.